ಲಕ್ಷದ್ವೀಪಕ್ಕೆ ಹೊರಡುವ ಮುನ್ನ

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿ ಕೊಟ್ಟ ಚಿತ್ರಗಳು ಪ್ರಕಟವಾದಂದಿನಿಂದ ನಮ್ಮ ಬಂಧುಬಳಗದಲ್ಲಿ ಆ ದ್ವೀಪಗಳ ಮಾತು ಹೆಚ್ಚಾಗಿದೆ. ಮಕ್ಕಳ ರಜೆ ಬಂತೆಂದರೆ ಊಟಿ, ಕೊಡೈಕೆನಾಲ್ ಎನ್ನುತ್ತಿದ್ದ ಮನೆಗಳಲ್ಲಿ ಅಗತ್ತಿ, ಕದ್ಮತ್ ಎಂಬ ಹೆಸರುಗಳು ಕೇಳಿಬರುತ್ತಿವೆ. ಸಂತೋಷದ ವಿಷಯವೇ. ಆದರೆ ಗಿರಿಧಾಮಕ್ಕೆ ಹೊರಟಂತೆ ಹವಳದ ದ್ವೀಪಕ್ಕೆ ಹೊರಡಲಾಗದು. ಅಲ್ಲಿ ನೆಲ ಕಡಿಮೆ, ಸಿಹಿನೀರು ಅದಕ್ಕಿಂತ ಕಡಿಮೆ, ಹಿಂದಿರುಗುವ ದಾರಿಯಂತೂ ಕಡಲಿನ ಮರ್ಜಿಗೆ ಬಿಟ್ಟದ್ದು.

ಈ ದ್ವೀಪಗಳು ನಮಗೆ ತೀರ ಪರಕೀಯವೇನಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು ಟೀಪೂ ಸುಲ್ತಾನನ ಆಳ್ವಿಕೆಗೆ ಒಳಪಟ್ಟಿದ್ದು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಬಹುಕಾಲ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ತೆಂಗಿನ ನಾರಿನ ಹುರಿಯನ್ನು ಹೊತ್ತ ಹಾಯಿದೋಣಿಗಳು ಮಂಗಳೂರಿಗೆ ಬಂದು ಅಕ್ಕಿ ತುಂಬಿಸಿಕೊಂಡು ಮರಳುತ್ತಿದ್ದವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅಂದೇ ದ್ವೀಪಗಳು ಅದರಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಒಳಗಾದವು. ಕಡಲಾಚೆಗೆ ನಮ್ಮದೇ ಜಿಲ್ಲೆಯ ಊರುಗಳಿದ್ದವೆಂಬುದು ಇಂದಿನ ಮಕ್ಕಳಿಗೆ ಕತೆಯಂತೆ ಕೇಳಿಸೀತು.

ಪ್ರಯಾಣದ ಮೊದಲ ಮೆಟ್ಟಿಲು ಪರವಾನಗಿ. ದ್ವೀಪವಾಸಿಗಳಲ್ಲದವರು ಲಕ್ಷದ್ವೀಪವನ್ನು ಪ್ರವೇಶಿಸಲು ಆಡಳಿತದ ಅನುಮತಿ ಪಡೆಯಬೇಕು. ಇದನ್ನು ಕಿರುಕುಳವೆಂದು ಗೊಣಗುವವರುಂಟು. ಮೂವತ್ತಾರು ದ್ವೀಪಗಳ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಜನವಸತಿ ಇರುವುದು ಅವುಗಳಲ್ಲಿ ಬೆರಳೆಣಿಕೆಯಷ್ಟರಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,000ಕ್ಕೂ ಮಿಗಿಲು. ಇಷ್ಟು ಇಕ್ಕಟ್ಟಾದ ಮನೆಗೆ ಹೋಗುವ ಅತಿಥಿ ಮೊದಲೇ ಹೇಳಿಕಳಿಸುವುದರಲ್ಲಿ ಅನ್ಯಾಯವೇನಿದೆ?

ಎರಡನೆಯದು ಕಾಲ. ಅಕ್ಟೋಬರಿನಿಂದ ಮೇ ತಿಂಗಳ ನಡುವಿನವರೆಗೆ ಕಡಲು ಸಾಮಾನ್ಯವಾಗಿ ಶಾಂತ. ಮುಂಗಾರು ಕವಿದೊಡನೆ ಸಂಚಾರ ವಿರಳವಾಗುತ್ತದೆ. ಒಳ್ಳೆಯ ತಿಂಗಳುಗಳಿಗೂ ಖಾತರಿಯಿಲ್ಲ. ಓಖಿ ಚಂಡಮಾರುತ ದ್ವೀಪಗಳಿಗೆ ಅಪ್ಪಳಿಸಿದ್ದು 2017ರ ಡಿಸೆಂಬರಿನಲ್ಲಿ. ಆದುದರಿಂದ ಹಿಂದಿರುಗಿದ ಮರುದಿನವೇ ಮದುವೆಯನ್ನೋ ಪರೀಕ್ಷೆಯನ್ನೋ ಇಟ್ಟುಕೊಳ್ಳುವುದು ಜಾಣತನವಲ್ಲ. ಎರಡು ದಿನಗಳನ್ನಾದರೂ ಕೈಯಲ್ಲಿ ಉಳಿಸಿಕೊಂಡಿರಬೇಕು.

ವಿಮಾನ ಇಳಿಯುವುದು ಅಗತ್ತಿಯಲ್ಲಿ. ಅಲ್ಲಿಯ ಓಡುದಾರಿ ಸುಮಾರು 1,200 ಮೀಟರ್ ಮಾತ್ರವಾದ್ದರಿಂದ ಸಣ್ಣ ವಿಮಾನಗಳೇ ಬರುತ್ತವೆ, ಸ್ಥಳಗಳೂ ಕೆಲವೇ. ಹಡಗುಗಳ ಮುಖ್ಯ ನೆಲೆ ಕೊಚ್ಚಿ. ಒಂದು ರಾತ್ರಿಯ ಪಯಣವೆಂದಿಟ್ಟುಕೊಳ್ಳಬಹುದು. ಆ ರಾತ್ರಿಗಿಂತಲೂ ಹೆಚ್ಚಾಗಿ ಯೋಚಿಸಬೇಕಾದದ್ದು ಇಳಿಯುವ ಗಳಿಗೆಯನ್ನು. ದ್ವೀಪದ ಸುತ್ತಣ ಹವಳದ ದಿಬ್ಬವನ್ನು ದಾಟಿ ದೊಡ್ಡ ಹಡಗು ಒಳಕ್ಕೆ ಬರಲಾರದು. ಹಲವು ದ್ವೀಪಗಳಲ್ಲಿ ಅದು ಹೊರಗಡಲಿನಲ್ಲಿಯೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಅಲೆಯೊಡನೆ ಏರುತ್ತಿರುತ್ತದೆ, ಇಳಿಯುತ್ತಿರುತ್ತದೆ. ಅದು ಮೇಲೆ ಬಂದ ಕ್ಷಣದಲ್ಲಿ ಕಾಲಿಡಬೇಕು. ನಾವಿಕರು ರಟ್ಟೆ ಹಿಡಿದು ಇಳಿಸುತ್ತಾರೆ, ನಿಜ. ಆದರೂ ಮಂಡಿನೋವಿನ ಅಜ್ಜಿಗೆ, ಕಂಕುಳಲ್ಲಿ ಕೂಸಿರುವ ತಾಯಿಗೆ ಆ ಒಂದು ಹೆಜ್ಜೆ ಬಹಳ ದೊಡ್ಡದು.

ಹಿರಿಯರನ್ನು ಬಿಟ್ಟುಹೋಗಲು ಯಾರಿಗೂ ಮನಸ್ಸೊಪ್ಪದು. "ಅಮ್ಮ ಒಮ್ಮೆ ಕಡಲು ನೋಡಲಿ" ಎಂಬ ಮಕ್ಕಳ ಆಸೆ ಸಹಜವೇ. ಆದರೆ ಹೃದಯದ ತೊಂದರೆಯುಳ್ಳವರಿಗೆ ದ್ವೀಪದಲ್ಲಿ ಕಾಯಿಲೆ ಉಲ್ಬಣಿಸಿದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸಬೇಕಾಗುತ್ತದೆ; ಹವೆ ಕೆಟ್ಟಿದ್ದರೆ ಅದೂ ಏಳದು. ಅಂಥವರಿಗೆ ಕಡಲನ್ನು ಮಲ್ಪೆಯಲ್ಲಿಯೋ ಮುರುಡೇಶ್ವರದಲ್ಲಿಯೋ ತೋರಿಸುವುದೇ ಲೇಸೆಂದು ನಾವು ಎಣಿಸುತ್ತೇವೆ. ಈ ಮಾತನ್ನು ಟಿಕೆಟು ತೆಗೆಯುವ ಮೊದಲೇ, ಅವರ ಎದುರಿಗೇ ಆಡಬೇಕು.

ಇನ್ನು ನೀರು. ಲಕ್ಷದ್ವೀಪದಲ್ಲಿ ನದಿಯಿಲ್ಲ, ತೊರೆಯಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಬಾವಿಯಲ್ಲಿ ಕೊಡಗಳಿಂದ ಸೇದುವವರೆಗೆ ಚಿಂತೆಯಿಲ್ಲ. ಪಂಪು ಹಾಕಿ ಬಿರುಸಾಗಿ ಎತ್ತಿದರೆ ಕೆಳಗಿನ ಕಡಲು ಮೇಲೇರಿ ಬಾವಿಯೇ ಉಪ್ಪಾಗುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಒಂದು ವಿಶಿಷ್ಟ ಸ್ಥಾವರ ಆರಂಭವಾಯಿತು. ಕಡಲ ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಂಪಾಗಿಸಿ ಸಿಹಿನೀರು ಪಡೆಯುವ ವಿಧಾನವದು. ದಿನಕ್ಕೆ ಒಂದು ಲಕ್ಷ ಲೀಟರ್ ನೀಡುವಂತೆ ಅದನ್ನು ನಿರ್ಮಿಸಲಾಯಿತು. ಕೇಳಲು ದೊಡ್ಡ ಸಂಖ್ಯೆ. ಊರಿನ ಸಾವಿರಾರು ಜನರಿಗೆ ಹಂಚಿ ನೋಡಿದರೆ ತಲೆಗೆ ಬರುವುದು ಕೆಲವೇ ಲೀಟರು. ಬಿಜಾಪುರ, ಗದಗಿನ ಕಡೆಯ ನಮ್ಮ ಗೃಹಿಣಿಯರಿಗೆ ಬೇಸಿಗೆಯ ಕೊಡಪಾನದ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆ ಲೆಕ್ಕವನ್ನೇ ಪೆಟ್ಟಿಗೆಯೊಡನೆ ಕೊಂಡೊಯ್ದರಾಯಿತು. ಸ್ನಾನಕ್ಕೆ ಒಂದು ಬಕೆಟ್ಟು ಸಾಕು.

ನಮ್ಮಂಥ ಶಾಕಾಹಾರಿಗಳ ಪ್ರಶ್ನೆಯೊಂದಿದೆ. ದ್ವೀಪದ ಸಹಜ ಆಹಾರ ತೆಂಗು ಮತ್ತು ಸೂರೆ ಮೀನು. ತರಕಾರಿ, ಬೇಳೆ, ಅಕ್ಕಿ ಬಹುಪಾಲು ಹಡಗಿನಲ್ಲಿ ಬರಬೇಕು. ಉಳಿದುಕೊಳ್ಳುವ ಸ್ಥಳಕ್ಕೆ ಮೊದಲೇ ತಿಳಿಸಿದರೆ ಅನ್ನ, ಸಾರು, ಪಲ್ಯ ಒದಗೀತು; ಸರಕಿನ ಹಡಗು ತಡವಾದ ದಿನ ಪಲ್ಯವಿರದು. ಕಟಕರೊಟ್ಟಿ, ಶೇಂಗಾಚಟ್ನಿ, ಅವಲಕ್ಕಿ ಜೊತೆಗಿದ್ದರೆ ಮಕ್ಕಳು ಹಸಿದಿರಬೇಕಾಗಿಲ್ಲ, ಅಡುಗೆಯವರನ್ನು ಕಾಡಿದಂತೆಯೂ ಆಗದು.

ಅಲ್ಲಿಯ ನಿವಾಸಿಗಳು ಬಹುತೇಕ ಮುಸಲ್ಮಾನರು. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ಊರೊಳಗೆ ತಿರುಗಾಡುವಾಗ ಮೈತುಂಬ ಉಡುವುದು ಸಭ್ಯತೆ. ಕುಟುಂಬದ ಪರಂಪರೆಯ ಆಸ್ತಿ ತಾಯಿಯ ಕಡೆಯಿಂದ ಹೆಣ್ಣುಮಕ್ಕಳ ಸಂತತಿಗೆ ಇಳಿದುಬರುವ ಪದ್ಧತಿ ಅಲ್ಲಿದೆ. ನಮ್ಮ ಕರಾವಳಿಯ ಅಳಿಯಕಟ್ಟನ್ನು ಬಲ್ಲವರಿಗೆ ಇದು ಹೊಸದೆನಿಸದು. ಬಯಲುಸೀಮೆಯ ನಮ್ಮ ಹೆಣ್ಣುಮಕ್ಕಳು ಕೇಳಿ ತಿಳಿಯಬೇಕಾದ ಸಂಗತಿ.

ನೆನಪಿಗೆಂದು ಹವಳದ ತುಂಡನ್ನು ಆಯ್ದು ತರುವ ಅಭ್ಯಾಸ ಬೇಡ. ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ. 1998ರಲ್ಲಿ ಕಡಲು ಅತಿಯಾಗಿ ಬಿಸಿಯೇರಿ ಅಲ್ಲಿಯ ಹವಳ ಬಿಳಿಚಿ ಅಪಾರವಾಗಿ ಸತ್ತಿತು. 2010ರಲ್ಲಿ, 2016ರಲ್ಲಿ ಮತ್ತೆ ಬಿಳಿಚಿತು. ಹವಳದ ದಿಬ್ಬವೇ ಅಲೆಗಳನ್ನು ತಡೆಯುವ ಗೋಡೆ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ನೆಲಕ್ಕೆ ಬೇರೆ ಕಾವಲಿಲ್ಲ. ಪೆಟ್ಟಿಗೆಯಲ್ಲಿ ಹಾಗೆ ಜಾಗ ಉಳಿದಿದ್ದರೆ, ಮಕ್ಕಳು ಕುಡಿದು ಬರಿದಾಗಿಸಿದ ಪ್ಲಾಸ್ಟಿಕ್ ಬಾಟಲಿಗಳನ್ನು ತುಂಬಿಕೊಂಡು ಕೊಚ್ಚಿಗೆ ಹಿಂದಕ್ಕೆ ತರಬಹುದು. ಅವನ್ನು ಹೂಳಲು ದ್ವೀಪದಲ್ಲಿ ಸ್ಥಳವಿಲ್ಲ.