ಡ್ರಿಪ್ ಪೈಪಿಗೆ ತೂತು ಹಾಕೋ ಮುಂಚೆ

ಊರಲ್ಲಿ ಅಪ್ಪ-ಅಮ್ಮ, ಬೆಂಗಳೂರಲ್ಲಿ ನಾವು. ವೀಕೆಂಡಿಗೆ ತೋಟಕ್ಕೆ ಹೋಗಿ ಡ್ರಿಪ್ ಎಳೆದು, ಸೋಮವಾರ ಬೆಳಗ್ಗೆ ಲಾಗಿನ್ ಆಗೋ ನಮ್ಮಂಥವರು ಈಗ ತುಂಬಾ ಜನ. ಪಂಪು, ಫಿಲ್ಟರು, ಪೈಪಿನ ಬಗ್ಗೆ ಹತ್ತು ಕಡೆ ವಿಚಾರಿಸ್ತೀವಿ. ಆದರೆ ನೀರು ಸೋರೋದು ಕೆಲವೇ ರೂಪಾಯಿಯ ಪುಟ್ಟ ಫಿಟ್ಟಿಂಗ್ ಹತ್ತಿರ.

ಇದರ ಲಾಜಿಕ್ ಸಿಂಪಲ್. ತೂತು ಫಿಟ್ಟಿಂಗ್‌ಗಿಂತ ಚೂರು ಚಿಕ್ಕದಿರಬೇಕು. ಏಣಿರುವ ತುದಿ ಒಳಗೆ ಹೋದ ಮೇಲೆ ಪ್ಲಾಸ್ಟಿಕ್ಕೇ ಅದನ್ನು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಅಂಟಿನ ಆಸೆ ಬಿಡಿ. ಪಿವಿಸಿಗೆ ಹಚ್ಚೋ ಸಲ್ಯೂಷನ್ ಕಪ್ಪು ಪಾಲಿಥಿನ್ ಪೈಪಿಗೆ ಹಿಡಿಯೋದೇ ಇಲ್ಲ. ಹಾಗಾಗಿ ಮೊಳೆ ಕಾಯಿಸಿ ಚುಚ್ಚೋ ಕೆಲಸ ಬೇಡ. ತೂತು ಸೊಟ್ಟಗಾದರೆ ಯಾವ ಡ್ರಿಪ್ಪರೂ ನಿಲ್ಲಲ್ಲ. ಅಳತೆಗೆ ತಕ್ಕ ಪಂಚ್ ತಗೊಳ್ಳಿ. ನೇರವಾಗಿ ಹಿಡಿದು ಒತ್ತಿ, ಆಚೆ ಗೋಡೆಗೆ ತಾಗಬಾರದು.

ಪಿವಿಸಿ ಸಬ್‌ಮೇನ್‌ನಿಂದ 16 ಎಂಎಂ ಲ್ಯಾಟರಲ್ ತೆಗೆಯೋವಾಗ ರಬ್ಬರ್ ಗ್ರೋಮೆಟ್ ಬೇಕು. ಅದಕ್ಕೆ ಹೇಳಿದ ಸೈಜಿನ ಡ್ರಿಲ್ ಬಿಟ್ಟನ್ನೇ ಬಳಸಿ, ಅಂದಾಜಿಗೆ ಬೇಡ. ತೂತಿನ ಅಂಚಿನ ಸಿಬಿರು ಕೆರೆದು ತೆಗೆದು, ಗ್ರೋಮೆಟ್ ಕೂರಿಸಿ, ಆಮೇಲೆ ಟೇಕ್-ಆಫ್ ಒತ್ತಿ. ಹೋಗ್ತಿಲ್ಲ ಅಂದರೆ ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಹಾಳಾಗುತ್ತೆ. ಪೈಪಿನ ತುದಿ ಗಟ್ಟಿ ಅನ್ನಿಸಿದರೆ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ. ಬೆಂಕಿ ತೋರಿಸಬೇಡಿ.

ಇನ್ನೊಂದು ವಿಷಯ, ಬಿಸಿಲು. ಪಾಲಿಥಿನ್ ಪೈಪು ಶಾಖಕ್ಕೆ ಚೆನ್ನಾಗಿ ಹಿಗ್ಗುತ್ತೆ. 50 ಮೀಟರ್ ಲ್ಯಾಟರಲ್‌ನಲ್ಲಿ 20 ಡಿಗ್ರಿ ವ್ಯತ್ಯಾಸಕ್ಕೆ ಹತ್ತಿರಹತ್ತಿರ ಒಂದು ಗೇಣು! ಮಧ್ಯಾಹ್ನ ಎಳೆದು ಬಿಗಿ ಮಾಡಿದ ಪೈಪು ರಾತ್ರಿ ತಣ್ಣಗಾಗಿ ಕುಗ್ಗಿದಾಗ ಜಾಯಿಂಟನ್ನೇ ಎಳೆಯುತ್ತೆ. ಅದಕ್ಕೇ ಲ್ಯಾಟರಲ್ ಯಾವಾಗಲೂ ಹಾವಿನ ಥರ ಸ್ವಲ್ಪ ಸಡಿಲವಾಗಿರಲಿ.

ಕೊನೆಗೆ ಎಂಡ್ ಕ್ಯಾಪ್ ಹಾಕೋ ಮುಂಚೆ ಮೋಟಾರ್ ಆನ್ ಮಾಡಿ, ನೀರು ತಿಳಿಯಾಗೋ ತನಕ ಹರಿಯಲು ಬಿಡಿ. ಡ್ರಿಲ್ ಮಾಡಿದ ಪುಡಿ ಒಳಗೇ ಉಳಿದರೆ ಡ್ರಿಪ್ಪರಿನ ಬಾಯಿ ಕಟ್ಟುತ್ತೆ.

ಇಷ್ಟೆಲ್ಲಾ ಯಾಕೆ ಅಂದರೆ, ಹಳ್ಳಿಯಲ್ಲಿ ಮೂರು ಫೇಸ್ ಕರೆಂಟ್ ಇರೋದು ದಿನಕ್ಕೆ ಕೆಲವೇ ಗಂಟೆ, ಎಷ್ಟೋ ಸಲ ರಾತ್ರಿ. ಗಂಟೆಗೆ 4 ಲೀಟರಿನ 100 ಡ್ರಿಪ್ಪರ್ ಇರೋ ಲೈನಿಗೆ ಬೇಕಾದದ್ದು 400 ಲೀಟರ್. ಒಂದೇ ಒಂದು ಟೇಕ್-ಆಫ್ ಕಳಚಿಕೊಂಡರೂ ನೀರೆಲ್ಲ ಅಲ್ಲೇ ಸುರಿದು, ಪ್ರೆಶರ್ ಬಿದ್ದು, ಕೊನೆ ಸಾಲಿನ ಅಡಿಕೆ ಸಸಿಗೆ ಹನಿಯೂ ಸಿಗಲ್ಲ. ಏಪ್ರಿಲ್‌ನಲ್ಲಿ ನಾಲ್ಕು ದಿನ ಹೀಗಾದರೆ ಎಳೆ ಸಸಿ ಬಾಡುತ್ತೆ. ಆ ಹೊತ್ತಲ್ಲಿ ಟಾರ್ಚ್ ಹಿಡಿದು ಸೋರಿಕೆ ಹುಡುಕೋದು ನಾವಲ್ಲ, ಅರವತ್ತು ದಾಟಿದ ಅಪ್ಪ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಇನ್‌ಸ್ಟಾಲ್ ನಮ್ಮದು, ಸಪೋರ್ಟ್ ಅವರದ್ದು. ಹಾಗಾಗಿ ವಯಸ್ಸಾದವರ ಬೆರಳಿಗೆ ಸುಲಭವಾಗೋ, ಕೈಯಲ್ಲೇ ತಿರುಗಿಸಿ ಬಿಗಿ ಮಾಡೋ ಜಾಯಿನರ್ ತನ್ನಿ. ಪಂಪ್‌ಹೌಸಲ್ಲಿ ಒಂದು ಡಬ್ಬಿ ಇಡಿ: ಪಂಚ್, ಬ್ಲೇಡ್, ನಾಲ್ಕು ಜಾಯಿನರ್, ನಾಲ್ಕು ಗ್ರೋಮೆಟ್, ತಪ್ಪು ತೂತು ಮುಚ್ಚೋ ಬಿರಡೆ ಒಂದು ಹಿಡಿ. ಮುಚ್ಚಳದ ಮೇಲೆ ಪೈಪು, ಡ್ರಿಲ್ ಬಿಟ್ ಸೈಜನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ. ಹೊರಡೋ ಮುಂಚೆ ಒಂದು ಜಾಯಿಂಟನ್ನು ಅವರ ಕೈಯಲ್ಲೇ ಹಾಕಿಸಿ ನೋಡಿ.