ಚಿನ್ನದೊಳಗೆ ಸಿಕ್ಕಿಕೊಂಡ ಬುದ್ಧ

ಥೈಲ್ಯಾಂಡಿಗೆ ಹೋಗಿ ಬರುವ ನಮ್ಮ ಕಡೆಯವರು ಎರಡು ಸುಳ್ಳುಗಳನ್ನು ಗಂಟು ಕಟ್ಟಿಕೊಂಡು ಬರುತ್ತಾರೆ. ಒಂದು ನಮ್ಮವರ ಸುಳ್ಳು: 'ಅದು ಬುದ್ಧನ ನಾಡು ಕಣ್ರಿ, ಅಲ್ಲಿ ಮೇಲು ಕೀಳು ಅನ್ನೋದೇ ಇಲ್ಲ.' ಇನ್ನೊಂದು ಅಯ್ನೋರ ಸುಳ್ಳು: 'ಅಲ್ಲೂ ಬ್ರಹ್ಮ ಇದಾನೆ, ಗಣಪತಿ ಇದಾನೆ. ಬುದ್ಧ ನಮ್ಮ ವಿಷ್ಣುವಿನ ಅವತಾರ ತಾನೆ?' ಬ್ಯಾಂಕಾಕ್, ಚಿಯಾಂಗ್ ಮಾಯ್ ಊರುಗಳ ವಾಟುಗಳನ್ನು, ಅಂದರೆ ಗುಡಿ ವಿಹಾರ ಎರಡೂ ಸೇರಿದ ಆವರಣಗಳನ್ನು, ಹೊಸಬರಾಗಿ ಸುತ್ತಿ ಬಂದ ನಾವು ಈ ಎರಡನ್ನೂ ಒಪ್ಪುವುದಿಲ್ಲ.

ಮೊದಲು ಇದ್ದುದನ್ನು ಇದ್ದ ಹಾಗೆ ಹೇಳೋಣ. ವಾಟಿನೊಳಗೆ ಚಪ್ಪಲಿ ಬಿಡಬೇಕು. ಭುಜ, ಮೊಣಕಾಲು ಮುಚ್ಚಿರಬೇಕು. ಹೊಸ್ತಿಲು ತುಳಿಯದೆ ದಾಟಬೇಕು. ಬುದ್ಧನ ಕಡೆಗೆ ಕಾಲು ಚಾಚದೆ ಹಿಂದಕ್ಕೆ ಮಡಚಿ ಕೂರಬೇಕು. ದೊಡ್ಡ ವಾಟುಗಳಲ್ಲಿ ಪರದೇಶದವರು ಟಿಕೇಟು ಕೊಳ್ಳಬೇಕು. ದುಡ್ಡು ಕೇಳಿದರು, 'ನೀವು ಯಾವ ಜನ?' ಎಂದು ಒಬ್ಬರೂ ಕೇಳಲಿಲ್ಲ. ಬುದ್ಧನ ಎದುರಿಗೇ ಹೋಗಿ ನೆಲದ ಮೇಲೆ ಕೂತೆವು. ನಡುವೆ ಪೂಜಾರಿ ಇರಲಿಲ್ಲ.

ಬೆಳಗಿನ ಜಾವ ಭಿಕ್ಷುಗಳು ಬರಿಗಾಲಲ್ಲಿ ಬೀದಿಗೆ ಬರುತ್ತಾರೆ. ಮುಸುರೆ ತಿಕ್ಕುವವಳು, ಗಾಡಿಯಲ್ಲಿ ಹಣ್ಣು ಮಾರುವವನು, ಆಫೀಸಿನ ಗುಮಾಸ್ತ, ಯಾರು ನೀಡಿದರೂ ಪಾತ್ರೆ ಮುಂದೆ ಬರುತ್ತದೆ. ನೀಡುವುದು ಬೇಯಿಸಿದ ಅನ್ನ. ಯಾರ ಮನೆಯ ಗಡಿಗೆಯದು ಎಂದು ಕೇಳುವವರಿಲ್ಲ. ಟೀ ಅಂಗಡಿಯಲ್ಲಿ ನಮಗೆ ಬೇರೆ ಲೋಟ ಇಟ್ಟವರನ್ನು ಕರೆದೊಯ್ದು ಇದನ್ನು ತೋರಿಸಬೇಕು.

ಆದರೆ ಅದೇ ಭಿಕ್ಷು ಹೆಂಗಸಿನ ಕೈಯಿಂದ ಏನನ್ನೂ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಬಟ್ಟೆ ಹಾಸಿ ಅದರ ಮೇಲೆ ಇಡಿಸಿಕೊಳ್ಳುತ್ತಾನೆ. 'ಅದು ಶೀಲದ ನಿಯಮ, ಮೈಲಿಗೆ ಅಲ್ಲ' ಅನ್ನುತ್ತಾರೆ. ಸರಿ ಸ್ವಾಮಿ. ಹಾಗಾದರೆ ಚಿಯಾಂಗ್ ಮಾಯ್‌ನ ವಾಟ್ ಚೇದಿ ಲುವಾಂಗ್ ಆವರಣದ ನಗರಸ್ತಂಭದ ಗುಡಿಗೆ ಹೆಂಗಸರು ಹೋಗಬಾರದು ಎಂಬ ಬೋರ್ಡು ಯಾಕೆ? ಅದಕ್ಕೆ ಕೊಡುವ ಕಾರಣ ಮುಟ್ಟು. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲವೆ?

ಮಗ ಕಾವಿ ಉಟ್ಟರೆ ಅದರ ಅಂಚು ಹಿಡಿದು ತಂದೆತಾಯಿ ಸ್ವರ್ಗಕ್ಕೆ ಹೋಗುತ್ತಾರೆಂದು ಥಾಯ್ ಜನ ನಂಬುತ್ತಾರೆ. ಮಗಳಿಗೆ ಆ ಅಂಚೇ ಇಲ್ಲ. 1928ರಲ್ಲಿ ಇಬ್ಬರು ಅಕ್ಕತಂಗಿಯರು ಕಾವಿ ಉಟ್ಟದ್ದಕ್ಕೆ ಅಲ್ಲಿನ ಸಂಘರಾಜ ಹೆಂಗಸರಿಗೆ ಯಾವ ಭಿಕ್ಷುವೂ ದೀಕ್ಷೆ ಕೊಡಕೂಡದೆಂದು ಆಜ್ಞೆ ಹೊರಡಿಸಿದ. ವೋರಮಾಯ್ ಕಬಿಲಸಿಂಗ್ ಎಂಬಾಕೆ ಪೂರ್ಣ ದೀಕ್ಷೆಗೆ 1971ರಲ್ಲಿ ತೈವಾನಿಗೆ ಹೋಗಬೇಕಾಯಿತು. ಆಕೆಯ ಮಗಳು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಧಮ್ಮಾನಂದಾ, 2003ರಲ್ಲಿ ಶ್ರೀಲಂಕಾಕ್ಕೆ ಹೋಗಬೇಕಾಯಿತು. ಬುದ್ಧನ ನಾಡಿನಲ್ಲಿ ಹುಟ್ಟಿದ ಹೆಣ್ಣು ಭಿಕ್ಷುಣಿಯಾಗಲು ಪಾಸ್‌ಪೋರ್ಟು ಹಿಡಿಯಬೇಕು! ಬಿಳಿಯುಟ್ಟ ತಲೆಬೋಳು ಮೇ ಚೀಗಳು ಎಷ್ಟೋ ವಾಟುಗಳಲ್ಲಿ ಅಡಿಗೆ ಮಾಡುತ್ತ, ಕಸ ಗುಡಿಸುತ್ತ ಇದ್ದಾರೆ. ಪುಣ್ಯ ಗಂಡಸಿಗೆ, ಪೊರಕೆ ಹೆಂಗಸಿಗೆ.

ದೀಕ್ಷೆಯ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳನ್ನೂ ನೋಡಿ. ನೀನು ಮನುಷ್ಯನೇ? ಗಂಡಸೇ? ಸ್ವತಂತ್ರನೇ? ಸಾಲವಿಲ್ಲವೇ? ಜಾತಿ ಯಾವುದೆಂಬ ಪ್ರಶ್ನೆ ಇಲ್ಲ, ಒಪ್ಪುತ್ತೇವೆ. ಆದರೆ ಸಾಲಕ್ಕೆ ಬಿದ್ದ ಜೀತದಾಳು ಏನು ಉತ್ತರ ಹೇಳಬೇಕು? ಸಯಾಮಿನಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾದದ್ದು 1905ರಲ್ಲಿ. ಅದಕ್ಕೆ ಮೊದಲು ಅಲ್ಲಿ ವಾಟುಗಳಿಗೆ ಆಳುಗಳನ್ನೇ ದಾನ ಕೊಡುವ ಪದ್ಧತಿ ಇತ್ತು. ದುಃಖ ನೀಗುವ ಧರ್ಮದ ಅಂಗಳವನ್ನು ಗುಲಾಮರು ಗುಡಿಸಿದರು.

ಇನ್ನು ಅಯ್ನೋರ ಬ್ರಹ್ಮನಿಗೆ ಬರೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಬೋಧಿಸಿದ ಪ್ರತಿಜ್ಞೆಗಳಲ್ಲಿ ಮೊದಲನೆಯದೇ ಬ್ರಹ್ಮ ವಿಷ್ಣು ಮಹೇಶ್ವರರನ್ನು ಪೂಜಿಸುವುದಿಲ್ಲ ಎಂಬುದು. ಅದಾಗಿ ತಿಂಗಳೂ ತುಂಬಿರಲಿಲ್ಲ, ನವೆಂಬರ್ 9ರಂದು ಬ್ಯಾಂಕಾಕಿನಲ್ಲಿ ಎರವಾನ್ ಗುಡಿಯ ನಾಲ್ಕು ಮುಖದ ಬ್ರಹ್ಮ ಪ್ರತಿಷ್ಠೆಯಾದ. ಯಾತಕ್ಕೆ? ಹೋಟೆಲು ಕಟ್ಟುವಾಗ ಅವಘಡಗಳಾದವು, ಜ್ಯೋತಿಷಿ ಹೇಳಿದ! ಇಲ್ಲಿ ಮುಟ್ಟಿಸಿಕೊಳ್ಳದ ಜನ ಬ್ರಹ್ಮನಿಂದ ಬಿಡಿಸಿಕೊಂಡು ಬುದ್ಧನ ಕಡೆಗೆ ನಡೆದರು, ಅಲ್ಲಿ ಬುದ್ಧನ ಜನ ಹೋಟೆಲಿನ ಕಾವಲಿಗೆ ಬ್ರಹ್ಮನನ್ನು ಕರೆದರು. 2006ರಲ್ಲಿ ತಲೆ ಕೆಟ್ಟ ಒಬ್ಬ ಬಡವ ಆ ಮೂರ್ತಿಯನ್ನು ಸುತ್ತಿಗೆಯಿಂದ ಒಡೆದ. ನೋಡಿದವರು ಅವನನ್ನು ಬೀದಿಯಲ್ಲೇ ಬಡಿದು ಕೊಂದರು. ಮೂರ್ತಿಯನ್ನು ಎರಡು ತಿಂಗಳಲ್ಲಿ ಸರಿಮಾಡಿ ನಿಲ್ಲಿಸಿದರು. ಸತ್ತವನನ್ನು ಯಾರು ಎಬ್ಬಿಸಿ ನಿಲ್ಲಿಸಬೇಕು? ಇದು ಬುದ್ಧ ವಿಷ್ಣುವಿನ ಅವತಾರ ಎಂಬುದಕ್ಕೆ ಸಾಕ್ಷಿಯಲ್ಲ. ಬುದ್ಧನನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ.

ಬ್ಯಾಂಕಾಕಿನ ವಾಟ್ ತ್ರೈಮಿತ್‌ನಲ್ಲಿ ಐದೂವರೆ ಟನ್ ತೂಕದ ಚಿನ್ನದ ಬುದ್ಧ ಕೂತಿದ್ದಾನೆ. ಎಷ್ಟೋ ಕಾಲ ಅದನ್ನು ಗಾರೆಯ ಮೂರ್ತಿ ಎಂದೇ ತಿಳಿದಿದ್ದರು. 1955ರಲ್ಲಿ ಸಾಗಿಸುವಾಗ ಗಾರೆ ಒಡೆದು ಚಿನ್ನ ಹೊಳೆಯಿತು. ಅದನ್ನು ಪವಾಡ ಅನ್ನುತ್ತಾರೆ. ಗಾರೆ ಒಡೆದು ಚಿನ್ನ ತೆಗೆಯುವುದು ದೊಡ್ಡದಲ್ಲ. ಚಿನ್ನದೊಳಗೆ ಸಿಕ್ಕಿಕೊಂಡವನನ್ನು ಬಿಡಿಸಿ ತೆಗೆಯಬೇಕು. ಈ ಕೆಲಸ ಸುತ್ತಿಗೆಯದಲ್ಲ, ಪ್ರಶ್ನೆಯದು. ಬುದ್ಧದಾಸ ಭಿಕ್ಷು 1932ರಲ್ಲಿ ದಕ್ಷಿಣದ ಚೈಯಾದ ಕಾಡಿಗೆ ಹೋಗಿ ಸುವಾನ್ ಮೋಕ್ ಕಟ್ಟಿ ಇದೇ ಕೆಲಸ ಶುರುಮಾಡಿದ್ದರು. ಅಲ್ಲಿ ಮರದ ಕೆಳಗೆ, ಮರಳಿನ ಮೇಲೆ ಕೂತು ಧರ್ಮ ಕೇಳಬಹುದು.

ಗೆಳೆಯರೆ, ನಾವು ಊರೂರಲ್ಲಿ ವಿಹಾರ ಕಟ್ಟುತ್ತಿದ್ದೇವೆ. ಥಾಯ್ ನಾಡಿನಿಂದ ಚಿನ್ನದ ಬಣ್ಣದ ಮೂರ್ತಿ ತರಿಸಲು ಚಂದಾ ಎತ್ತುತ್ತಿದ್ದೇವೆ. ತರುವುದಾದರೆ ಆ ಭಿಕ್ಷಾಪಾತ್ರೆಯನ್ನು ತನ್ನಿ, ಯಾರ ಅನ್ನಕ್ಕೂ ಬಾಯಿ ತೆರೆಯುವ ಪಾತ್ರೆಯನ್ನು. ಆ ಬೋರ್ಡನ್ನು ಅಲ್ಲೇ ಬಿಡಿ. ನಮ್ಮ ವಿಹಾರದ ಕಸ ಗುಡಿಸುವವಳು ಯಾರು, ಧಮ್ಮ ಹೇಳುವವರು ಯಾರು ಎಂದು ಇವತ್ತೇ ಲೆಕ್ಕ ಹಾಕಿ. ಆ ಲೆಕ್ಕ ತಾಳೆಯಾಗುವ ತನಕ ಮೂರ್ತಿ ಕಾಯಲಿ.