ಟ್ರಾಮು, ಗಾಜು, ನೀರಿನ ಮೀಟರು

2008ರ ಕುಸಿತದ ನಂತರದ ಯುರೋಪಿನ ಮಾತು ಬಂದಾಗಲೆಲ್ಲ ಒಂದು ಹೋಲಿಕೆ ತಪ್ಪದೆ ಬರುತ್ತದೆ. ಅಥೆನ್ಸ್ ಹೊತ್ತಿ ಉರಿಯಿತು, ಡಬ್ಲಿನ್ ತಲೆತಗ್ಗಿಸಿ ಸಾಲ ತೀರಿಸಿತು. ಗ್ರೀಕರದು ಬಂಡಾಯದ ರಕ್ತವಂತೆ, ಐರಿಷರು ಪಾದ್ರಿಯ ಮುಂದೆ ಮೊಣಕಾಲೂರಿ ರೂಢಿಯಾದವರಂತೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮದುವೆ ಮಾತುಕತೆಯ ಸೂತ್ರವನ್ನು ಒಂದು ದೇಶದ ಅರ್ಥವ್ಯವಸ್ಥೆಗೆ ಅಂಟಿಸಿದರೆ ಇಂಥ ವಾದ ಹುಟ್ಟುತ್ತದೆ. ಐರಿಷ್ ಕಾರ್ಮಿಕರು ಸುಮ್ಮನಿದ್ದುದು ಸ್ವಭಾವದಿಂದಲ್ಲ. ಹಿಡಿದು ನಿಲ್ಲಿಸಲು ಅವರ ಕೈಗೆ ಏನೂ ಸಿಗದಂತಾಗಿತ್ತು. ಸಿಕ್ಕ ಕಡೆ ಅವರು ಬಿಡಲೂ ಇಲ್ಲ.

ಸ್ವಭಾವದ ಮಾತಾಡುವವರು 1913ರ ಡಬ್ಲಿನ್ನನ್ನು ನೋಡಬೇಕು. ಆಗಸ್ಟ್ 26ರ ಬೆಳಗ್ಗೆ ಹತ್ತರ ಸುಮಾರಿಗೆ, ಕುದುರೆ ಪ್ರದರ್ಶನಕ್ಕೆಂದು ಊರು ತುಂಬಿದ್ದ ವಾರದಲ್ಲಿ, ಟ್ರಾಮಿನ ನೌಕರರು ಕಾರ್ಮಿಕ ನಾಯಕ ಜಿಮ್ ಲಾರ್ಕಿನ್ ಸಂಘದ ಕೆಂಪು ಕೈಯ ಬಿಲ್ಲೆಯನ್ನು ಕೋಟಿಗೆ ಚುಚ್ಚಿಕೊಂಡು, ಗಾಡಿಗಳನ್ನು ಇದ್ದಲ್ಲೇ ಬಿಟ್ಟು ಇಳಿದುಹೋದರು. ಮಾಲೀಕ ವಿಲಿಯಂ ಮಾರ್ಟಿನ್ ಮರ್ಫಿ ಜಗ್ಗಲಿಲ್ಲ. ಲಾರ್ಕಿನ್ ಸಂಘಕ್ಕೆ ಸೇರುವುದಿಲ್ಲವೆಂದು ಬರೆದುಕೊಡದವರಿಗೆ ಕೆಲಸವಿಲ್ಲ ಎಂದು ನೂರಾರು ಮಾಲೀಕರು ಒಟ್ಟಾದರು. ಸುಮಾರು 20,000 ಕಾರ್ಮಿಕರು ಬೀದಿಗೆ ಬಿದ್ದರು. ಸೆಪ್ಟೆಂಬರ್ 2ರಂದು ಚರ್ಚ್ ಸ್ಟ್ರೀಟಿನ ಹಳೇ ಬಾಡಿಗೆ ಕಟ್ಟಡಗಳು ಕುಸಿದು ಏಳು ಮಂದಿ ಸತ್ತಾಗ, ಆ ಜನ ಎಂಥ ಗೂಡುಗಳಿಂದ ಎದ್ದು ಬಂದು ಹೋರಾಡುತ್ತಿದ್ದರೆಂದು ಊರಿಗೆ ಕಂಡಿತು. ತಿಂಗಳುಗಟ್ಟಲೆ ಹಸಿದು, 1914ರ ಆರಂಭದಲ್ಲಿ ಸೋತು ಕೆಲಸಕ್ಕೆ ಮರಳಿದರು. ಸಂಘ ಮಾತ್ರ ಸಾಯಲಿಲ್ಲ. 1913ರಲ್ಲೇ ಕಾನೂನು ಓದಲು ಡಬ್ಲಿನ್ನಿಗೆ ಹೋಗಿ 1916ರವರೆಗೆ ಅಲ್ಲಿದ್ದ ಯುವಕನೊಬ್ಬ ಮುಂದೆ ಭಾರತದಲ್ಲಿ ರೈಲ್ವೆ ಕಾರ್ಮಿಕರನ್ನು ಸಂಘಟಿಸಿದ. ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ, ಆಮೇಲೆ ರಾಷ್ಟ್ರಪತಿಯಾದ ವಿ. ವಿ. ಗಿರಿಯವರೇ ಆತ.

ಹಾಗಾದರೆ 2008ರ ಹೊತ್ತಿಗೆ ಏನಾಗಿತ್ತು? 1987ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಂದೇ ಮೇಜಿಗೆ ಕೂತು ಒಪ್ಪಂದ ಮಾಡಿಕೊಂಡವು. ಕೂಲಿ ಏರಿಕೆ ಮಿತವಾಗಿರಲಿ, ಬದಲಿಗೆ ತೆರಿಗೆ ಇಳಿಯಲಿ. ಇದನ್ನು ಬರೀ ದ್ರೋಹ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆಗ ದುಡಿಯಬಲ್ಲ ಆರು ಜನರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ, ಹಡಗು ತುಂಬ ಯುವಕರು ದೇಶ ಬಿಡುತ್ತಿದ್ದರು. ಮುಷ್ಕರದ ಮೇಲೆ ಮುಷ್ಕರ ಹೂಡಿದ್ದರೆ ಹೊಟ್ಟೆ ತುಂಬುತ್ತಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಪ್ಪತ್ತೆರಡು ವರ್ಷ ಮೇಜಿನ ಮುಂದೆಯೇ ಕೂತ ಸಂಘಕ್ಕೆ ಕಾರ್ಖಾನೆಯ ಗೇಟಿನ ದಾರಿ ಮರೆತುಹೋಗುತ್ತದೆ. 2009ರ ಫೆಬ್ರವರಿಯಲ್ಲಿ ಲಕ್ಷ ಜನ ಡಬ್ಲಿನ್ನಿನ ಬೀದಿಗಿಳಿದರು. ಮಾರ್ಚ್ 30ಕ್ಕೆ ರಾಷ್ಟ್ರವ್ಯಾಪಿ ಮುಷ್ಕರವೆಂದು ಸಾರಿದ ನಾಯಕರು, ಮಾತುಕತೆಗೆ ಕರೆ ಬಂದ ಕೂಡಲೇ ಅದನ್ನು ಕೈಬಿಟ್ಟರು. ಜನ ಬಂದಿದ್ದರು, ಹಿಂದೆ ಸರಿದದ್ದು ಸಂಘಟನೆ.

ಎಲ್ಲರೂ ಸೇರಿಯೇ ಮಜಾ ಮಾಡಿದ್ದೇವೆ ಎಂಬರ್ಥದಲ್ಲಿ ಹಣಕಾಸು ಸಚಿವ ಬ್ರಯಾನ್ ಲೆನಿಹಾನ್ 2010ರಲ್ಲಿ ಟಿವಿಯಲ್ಲಿ ಹೇಳಿದರು. ಆ ಮಜಾದ ಬಿಲ್ಲು ಬಂದಾಗ ಗಂಟೆಗೆ 8.65 ಯೂರೊ ಇದ್ದ ಕನಿಷ್ಠ ಕೂಲಿಯಲ್ಲಿ ಒಂದು ಯೂರೊ ಕತ್ತರಿಸಿದರು, ಕಂಪನಿಗಳ ಶೇಕಡಾ 12.5 ತೆರಿಗೆಯನ್ನು ಮುಟ್ಟಲಿಲ್ಲ.

ಆರ್ಥಿಕ ಹಿಂಜರಿತದಲ್ಲಿ ಇನ್ನೊಂದು ತೊಡಕಿದೆ. ಮುಚ್ಚಲು ಹೊರಟ ಮಾಲೀಕನಿಗೆ ಮುಷ್ಕರದ ಬೆದರಿಕೆ ಯಾವ ಲೆಕ್ಕ? ಕೆಲಸ ನಿಲ್ಲಿಸುತ್ತೇವೆ ಎಂದರೆ, ನಿಲ್ಲಿಸಿ ಎನ್ನುತ್ತಾನೆ. ಇದನ್ನು ಮೊದಲು ಅರ್ಥಮಾಡಿಕೊಂಡವರು ವಾಟರ್‌ಫರ್ಡಿನ ಗಾಜಿನ ಕೆಲಸಗಾರರು. ಜಗತ್ಪ್ರಸಿದ್ಧ ವಾಟರ್‌ಫರ್ಡ್ ಕ್ರಿಸ್ಟಲ್ ದಿವಾಳಿಯಾಗಿ, 2009ರ ಜನವರಿ ಕೊನೆಗೆ ಕುಲುಮೆ ಆರಿಸುವ ಸುದ್ದಿ ಬಂದಾಗ, ಅವರು ಹೊರಗೆ ನಿಂತು ಘೋಷಣೆ ಕೂಗಲಿಲ್ಲ. ಒಳಗೆ ನುಗ್ಗಿ, ಪ್ರವಾಸಿಗರಿಗೆಂದು ಹೊಳಪಿನ ಹೂದಾನಿಗಳನ್ನು ಜೋಡಿಸಿಟ್ಟಿದ್ದ ಕೇಂದ್ರದಲ್ಲೇ ಹಾಸಿಗೆ ಹಾಸಿದರು. ಏಳೆಂಟು ವಾರ ಅಲ್ಲಿಂದ ಕದಲಲಿಲ್ಲ. ಕುಲುಮೆ ಉಳಿಯಲಿಲ್ಲ, ನಿಜ. ಆದರೆ ಮುಳುಗಿದ ಪಿಂಚಣಿಗಾಗಿ ಅವರಲ್ಲಿ ಕೆಲವರು ಹೂಡಿದ ದಾವೆ ಯುರೋಪಿನ ನ್ಯಾಯಾಲಯಕ್ಕೆ ಹೋಗಿ, 2013ರಲ್ಲಿ ಐರಿಷ್ ಸರ್ಕಾರದ್ದೇ ತಪ್ಪೆಂಬ ತೀರ್ಪು ಬಂತು. ಕಾರ್ಕ್ ನಗರದ ವೀಟಾ ಕಾರ್ಟೆಕ್ಸ್ ಫೋಮ್ ಕಾರ್ಖಾನೆಯಲ್ಲಿ 32 ಕಾರ್ಮಿಕರು ಪರಿಹಾರಧನಕ್ಕಾಗಿ 2011ರ ಡಿಸೆಂಬರಿನಿಂದ 161 ದಿನ ಕೂತರು.

ಹಣದ ಚೀಲವೇ ಫ್ರಾಂಕ್‌ಫರ್ಟಿನ ಯುರೋಪಿಯನ್ ಕೇಂದ್ರ ಬ್ಯಾಂಕಿನ ಕೈಯಲ್ಲಿದ್ದಾಗ ಡಬ್ಲಿನ್ನಿನಲ್ಲಿ ಕೂಗಿ ಏನು ಫಲ ಎಂಬ ಆಕ್ಷೇಪವೇ ನನಗೆ ಅತ್ಯಂತ ಕಠಿಣವಾಗಿ ಕಾಣುತ್ತದೆ. ಬಾಂಡಿನ ಬಡ್ಡಿಗೆ ಅಡ್ಡ ಮಲಗಲಾಗದು. ಆದರೆ ಸಾಲದ ಷರತ್ತಿನಂತೆ 2014ರಲ್ಲಿ ಸರ್ಕಾರ ನೀರಿಗೆ ಶುಲ್ಕ ಹಾಕಲು ಹೊರಟಿತು, ಅದಕ್ಕಾಗಿ ಮನೆಗಳ ಮುಂದಿನ ಫುಟ್‌ಪಾತ್ ಅಗೆದು ಮೀಟರ್ ಹೂಳಿಸುತ್ತಿತ್ತು. ದೂರದ ಸಾಲ ತಾನಾಗಿ ಬಂದು ಕಾಲಡಿಗೆ ಸಿಕ್ಕಿತು. ಜನ ಬಂದು ಅಲ್ಲಿದ್ದ ನೀರಿನ ಕೊಳವೆಯ ಮುಚ್ಚಳದ ಮೇಲೆ ನಿಂತುಕೊಂಡರು, ಅಗೆಯಲು ಬಿಡಲಿಲ್ಲ. ಕೆಲವು ಕಾರ್ಮಿಕ ಸಂಘಗಳೂ ಈ ಬಾರಿ ಜೊತೆಗೆ ನಿಂತವು. ಆ ಸರ್ಕಾರದಲ್ಲಿ ಪಾಲುದಾರವಾಗಿದ್ದ ಲೇಬರ್ ಪಕ್ಷ, ಕಾರ್ಮಿಕ ನಾಯಕರಾದ ಜೇಮ್ಸ್ ಕಾನಲಿ ಮತ್ತು ಲಾರ್ಕಿನ್ ಕಟ್ಟಿದ ಪಕ್ಷ, 2011ರಲ್ಲಿ 37 ಸ್ಥಾನ ಗೆದ್ದಿದ್ದು 2016ರಲ್ಲಿ ಏಳಕ್ಕೆ ಇಳಿಯಿತು. ನೀರಿನ ಶುಲ್ಕ ಅದೇ ವರ್ಷ ನಿಂತಿತು, ಕಟ್ಟಿದ್ದವರಿಗೆ 2017ರಲ್ಲಿ ಹಣ ವಾಪಸು ಬರತೊಡಗಿತು. ಆದರೆ ಕುಸಿತದಲ್ಲಿ ಮುಳುಗಿದ ಆಂಗ್ಲೋ ಐರಿಷ್ ಬ್ಯಾಂಕೊಂದಕ್ಕೇ ಸರ್ಕಾರ ಸುರಿದ ಸುಮಾರು 3,000 ಕೋಟಿ ಯೂರೊದಲ್ಲಿ ಬಹುಪಾಲು ಮರಳಿ ಬರಲಿಲ್ಲ.